ವಿಮಾನ ಹತ್ತದೆ ಫ್ರೆಂಚ್ ಕಲಿಯಲು ಹೋಗಬಹುದೇ?

ಪ್ರಶ್ನೆ: ನಾವು ಜರ್ಮನಿಯ ಸ್ಟುಟ್‌ಗಾರ್ಟ್ ಹತ್ತಿರ ಇದ್ದೇವೆ. ಊರು ಶಿರಸಿ ಕಡೆ. ಮಗಳಿಗೆ 15 ವರ್ಷ, 9ನೇ ತರಗತಿ. ಶಾಲೆಯಲ್ಲಿ ಇಂಗ್ಲಿಷ್ ಜೊತೆ ಫ್ರೆಂಚ್ ಓದುತ್ತಾಳೆ. ಬೇಸಿಗೆ ರಜೆಯಲ್ಲಿ ಭಾಷೆ ಕಲಿಯುವ ಪ್ರವಾಸಕ್ಕೆ ಹೋಗಬೇಕಂತೆ. ಗೆಳತಿಯರು ಎರಡು ವಾರ ಮಾಲ್ಟಾಕ್ಕೆ ಹೊರಟಿದ್ದಾರೆ, ಇವಳು ಮಾತ್ರ ವಿಮಾನ ಬೇಡ ಅಂತ ಹಟ ಹಿಡಿದಿದ್ದಾಳೆ. ಪರಿಸರಕ್ಕೆ ಹೊರೆಯಾಗದ ದಾರಿ ಇದೆಯೇ? ನಾವೇ ಎರಡು ವರ್ಷಕ್ಕೊಮ್ಮೆ ಊರಿಗೆ ಹಾರಿ ಹೋಗಿ ಬರುವಾಗ ಇದಕ್ಕೆಲ್ಲ ಅರ್ಥ ಇದೆಯೇ? ಮಗಳು ಸಸ್ಯಾಹಾರಿ, ಭಾರತದ ಪಾಸ್‌ಪೋರ್ಟ್.

ಉತ್ತರ: ಮಗಳ ಹಟ ಸರಿಯಾಗಿಯೇ ಇದೆ. ಅವಳ ಜೊತೆ ನಿಂತುಕೊಳ್ಳಿ.

ನಾನು ಇಲ್ಲಿ ಭಾಷೆ ಕಲಿಸುತ್ತೇನೆ, ಹದಿನಾಲ್ಕು ಹದಿನೈದರ ಮಕ್ಕಳನ್ನು ಇಂಥ ಪ್ರವಾಸಗಳಿಗೆ ಕರೆದುಕೊಂಡು ಹೋಗಿ ಬಂದಿದ್ದೇನೆ. ಇಷ್ಟು ವರ್ಷದಲ್ಲಿ ನನಗೆ ಗಟ್ಟಿಯಾಗಿ ಅನ್ನಿಸಿದ್ದು ಇದು: ಯಾವ ಪ್ರವಾಸ ಭೂಮಿಗೆ ಕಡಿಮೆ ಹೊರೆಯೋ, ಹೆಚ್ಚು ಕಡಿಮೆ ಅದೇ ಪ್ರವಾಸದಲ್ಲಿ ಭಾಷೆಯೂ ಜಾಸ್ತಿ ಬರುತ್ತದೆ. ಹತ್ತಿರದ ಊರು, ಜಾಸ್ತಿ ದಿನ, ಯಾರದೋ ಒಂದು ಮನೆ. ಇಷ್ಟು ಸಿಕ್ಕರೆ ಸಾಕು. ನಿಮ್ಮ ಮಗಳು ಪರಿಸರಕ್ಕಾಗಿ ಏನನ್ನೋ ಕಳೆದುಕೊಳ್ಳುತ್ತಾಳೆ ಅನ್ನುವ ಚಿಂತೆ ಬೇಡ.

ಮೊದಲು ಲೆಕ್ಕ ನೋಡೋಣ. ಹತ್ತಿರದ ದೇಶಕ್ಕೆ ಹಾರುವ ವಿಮಾನದಲ್ಲಿ ಒಬ್ಬರು ಒಂದು ಕಿಲೋಮೀಟರ್ ಹೋದರೆ ಸುಮಾರು 150 ಗ್ರಾಂ ಇಂಗಾಲದ ಹೊರೆ ಅಂತ ಹಿಡಿಯುತ್ತಾರೆ, ಮೇಲೆ ಬಿಡುವ ಹೊಗೆಯ ಬೇರೆ ಪರಿಣಾಮವೂ ಇದರಲ್ಲಿ ಸೇರಿದೆ. ಕಟ್ಟುನಿಟ್ಟಾಗಿ ಲೆಕ್ಕ ಹಾಕುವವರು 200 ಗ್ರಾಂ ದಾಟಿಸುತ್ತಾರೆ. ಜರ್ಮನಿಯ ದೂರದ ರೈಲಿಗೆ ಅದೇ ಲೆಕ್ಕ 30 ಗ್ರಾಂ ಆಸುಪಾಸು, ದೂರದ ಬಸ್ಸಿಗೂ ಹೆಚ್ಚು ಕಡಿಮೆ ಅಷ್ಟೇ. ಸ್ಟುಟ್‌ಗಾರ್ಟ್‌ನಿಂದ ಮಾಲ್ಟಾಕ್ಕೆ ನೇರ ಗೆರೆ ಎಳೆದರೂ 1,500 ಕಿಲೋಮೀಟರ್ ಹತ್ತಿರ ಬರುತ್ತದೆ. ಹೋಗಿ ಬಂದರೆ 3,000, ಅಂದರೆ 450 ಕೆ.ಜಿ. ಈಗ ಫ್ರಾನ್ಸ್‌ನ ಬೆಸಾನ್ಸೋಂ ಊರನ್ನು ತೆಗೆದುಕೊಳ್ಳಿ. ರೈಲಿನಲ್ಲಿ 400 ಕಿಲೋಮೀಟರ್ ಚಿಲ್ಲರೆ. ಹೋಗಿ ಬರಲು 25 ಕೆ.ಜಿ. ಆದೀತು. ನಿಜಕ್ಕೂ ಇನ್ನೂ ಕಡಿಮೆಯೇ, ಯಾಕೆಂದರೆ ಫ್ರಾನ್ಸ್‌ನ ರೈಲು ಓಡುವ ಕರೆಂಟ್ ಬಹುಪಾಲು ಅಣು ಮತ್ತು ಜಲ ವಿದ್ಯುತ್ತಿನದು.

ಈ ಎರಡು ಸಂಖ್ಯೆಗಳ ಮುಂದೆ ಉಳಿದದ್ದೆಲ್ಲ ಸಣ್ಣದು. ಪ್ಲಾಸ್ಟಿಕ್ ಬಾಟಲಿ ಬೇಡ, ಟವಲ್ ದಿನಾ ಒಗೆಯಬೇಡಿ ಅನ್ನುವುದೆಲ್ಲ ಒಳ್ಳೆಯದೇ. ಆದರೆ ವಿಮಾನದಲ್ಲಿ ಹೋಗಿ ಟವಲ್ ಉಳಿಸಿದರೆ ಏನೂ ಉಳಿದ ಹಾಗಾಗಲಿಲ್ಲ.

ಇನ್ನು ಮಾಲ್ಟಾ. ಚೆಂದದ ಜಾಗ, ಅಲ್ಲಿನ ಜನರ ಮೇಲೆ ನನಗೆ ಯಾವ ಬೇಸರವೂ ಇಲ್ಲ. ಇಂಗ್ಲಿಷ್ ಅಲ್ಲಿ ಅಧಿಕೃತ ಭಾಷೆ ಅನ್ನುವುದೂ ನಿಜ. ಆದರೆ ವರ್ಷವಿಡೀ ಹರಿಯುವ ಒಂದೇ ಒಂದು ನದಿ ಆ ದ್ವೀಪದಲ್ಲಿಲ್ಲ. ಕುಡಿಯುವ ನೀರಿನ ಅರ್ಧಕ್ಕಿಂತ ಜಾಸ್ತಿ ಪಾಲು ಸಮುದ್ರದ ನೀರನ್ನು ಕರೆಂಟ್ ಹಾಕಿ ಸಿಹಿ ಮಾಡಿದ್ದು. ಮಳೆ ಇಲ್ಲದ ಜುಲೈ ಆಗಸ್ಟ್‌ನಲ್ಲೇ ಎಲ್ಲ ದೇಶದ ಮಕ್ಕಳೂ ಅಲ್ಲಿಗೆ ಬಂದಿಳಿಯುತ್ತಾರೆ. ಬಂದವರು ಯಾರ ಜೊತೆ ಮಾತಾಡುತ್ತಾರೆ? ತಮ್ಮ ತಮ್ಮ ದೇಶದವರ ಜೊತೆಯೇ.

ಇದು ಕೇಳಿದ ಮಾತಲ್ಲ, ನನ್ನ ಕೈಯಲ್ಲೇ ಆದದ್ದು. ಒಮ್ಮೆ ದಕ್ಷಿಣ ಇಂಗ್ಲೆಂಡಿನ ಕಡಲ ಊರೊಂದಕ್ಕೆ 22 ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಬೆಳಿಗ್ಗೆ ಮೂರು ಗಂಟೆ ಪಾಠ. ಆಮೇಲೆ ದಡದಲ್ಲಿ ಕೂತರೆ 22 ಜನರೂ ಜರ್ಮನ್. ಶನಿವಾರ ಬಸ್ಸಿನಲ್ಲಿ ಲಂಡನ್, ಅಲ್ಲೂ ಜರ್ಮನ್. ಕೊನೆಯ ದಿನ ಒಬ್ಬಳು ಹುಡುಗಿ ಕಣ್ಣೀರು ಹಾಕಿಕೊಂಡು ಹೇಳಿದಳು, ಎರಡು ವಾರದಲ್ಲಿ ತಾನು ಊರಿನವರ ಜೊತೆ ಆಡಿದ ಮಾತು ಅಂದರೆ ಐಸ್‌ಕ್ರೀಮ್ ಅಂಗಡಿಯವನ ಜೊತೆ ಆಡಿದ್ದೊಂದೇ, ಅದೂ ದಿನಾ ಅದೇ ವಾಕ್ಯ ಅಂತ. ಅವಳ ಅಪ್ಪ ಅಮ್ಮ ಅದಕ್ಕೆ ಸಣ್ಣ ದುಡ್ಡು ಕೊಟ್ಟಿರಲಿಲ್ಲ. ಆ ಮಾತು ನನಗೆ ಇನ್ನೂ ಚುಚ್ಚುತ್ತದೆ.

ಇನ್ನೊಬ್ಬ ಹುಡುಗನ ಕಥೆ ಕೇಳಿ. ಅವನೂ ಕನ್ನಡದವನೇ, ಅಜ್ಜನ ಮನೆ ಮಲೆನಾಡು. ಫ್ರಾನ್ಸ್‌ನ ಜೂರಾ ಬೆಟ್ಟದ ಕಡೆ, ಬೆಸಾನ್ಸೋಂನಿಂದ ಆಚೆ, ದನ ಸಾಕುವ ಮನೆಯೊಂದರಲ್ಲಿ ಮೂರು ವಾರ ಇದ್ದ. ಆ ಸೀಮೆಯಲ್ಲಿ ಕೋಂತೆ ಅನ್ನುವ ಚೀಸ್ ಮಾಡುತ್ತಾರೆ. ಅದಕ್ಕೆ ಹೆಚ್ಚಾಗಿ ಮೋಂಬೆಲಿಯಾರ್ದ್ ಅನ್ನುವ ಕೆಂಪು ಬಿಳಿ ಮಚ್ಚೆಯ ಹಸುವಿನ ಹಾಲು ಬಳಸುತ್ತಾರೆ. ಸುತ್ತಲಿನ ರೈತರ ಹಾಲು ಊರಿನ ಸಣ್ಣ ಸಹಕಾರಿ ಡೈರಿಗೆ ಹೋಗುತ್ತದೆ, ಅದನ್ನು ಫ್ರುಯಿತಿಯೇರ್ ಅನ್ನುತ್ತಾರೆ. ಹುಡುಗನಿಗೆ ಶಾಲೆಯಲ್ಲಿ ಕಲಿತ ಫ್ರೆಂಚ್ ಮೊದಲ ವಾರ ಏನೂ ಕೆಲಸಕ್ಕೆ ಬರಲಿಲ್ಲ. ಪುಸ್ತಕದಲ್ಲಿ ಸಿನಿಮಾ ಟಿಕೆಟ್ ತೆಗೆಯುವ ಮಾತುಗಳಿದ್ದವು, ಹಾಲು ಕರೆಯುವ ಮಾತು ಇರಲಿಲ್ಲ. ಆದರೆ ಅವನಿಗೆ ಕೊಟ್ಟಿಗೆ ಗೊತ್ತಿತ್ತು. ಸಂಜೆ ಹಾಲು ಕರೆಯುವ ಹೊತ್ತಿಗೆ ಹೋಗಿ ನಿಲ್ಲುತ್ತಿದ್ದ, ಕೈ ತೋರಿಸಿ ಇದಕ್ಕೇನಂತಾರೆ ಅಂತ ಕೇಳುತ್ತಿದ್ದ. ಕರೆಯುವುದಕ್ಕೆ ತ್ರೇರ್, ಕೊಟ್ಟಿಗೆಗೆ ಎತಾಬ್ಲ್. ಮನೆಯ ಯಜಮಾನ ಉಪಾಧ್ಯಾಯರಲ್ಲ, ನಿಧಾನಕ್ಕೆ ಮಾತಾಡುವವರೂ ಅಲ್ಲ, ಅದೇ ಒಳ್ಳೆಯದಾಯಿತು. ವಾಪಸ್ ಬಂದಾಗ ಅವನ ವ್ಯಾಕರಣ ಹಾಗೇ ಇತ್ತು, ತಪ್ಪುಗಳೂ ಇದ್ದವು, ಆದರೆ ಹೆದರಿಕೆ ಹೋಗಿತ್ತು. ಕರೆದರೆ ಮರಳಿ ಮಾತಾಡುತ್ತಿದ್ದ.

ಹಾಗಾದರೆ ಮಾಡಬೇಕಾದ್ದೇನು? ನನ್ನನ್ನು ಕೇಳಿದರೆ ಮೊದಲ ಆಯ್ಕೆ ಮನೆ ಅದಲುಬದಲು. ಫ್ರಾನ್ಸ್‌ನ ಒಬ್ಬ ಹುಡುಗಿ ನಿಮ್ಮ ಮನೆಗೆ ಬರುತ್ತಾಳೆ, ನಿಮ್ಮ ಮಗಳು ಅವಳ ಮನೆಗೆ ಹೋಗುತ್ತಾಳೆ. ಇದಕ್ಕಿಂತ ಕಡಿಮೆ ಹೊರೆಯ ಪ್ರವಾಸ ಇಲ್ಲ. ಹೋಟೆಲ್ ಬೇಡ. ಮಂಚ ಇದ್ದದ್ದೇ, ಅಡುಗೆ ಹೇಗೂ ಆಗುವುದೇ, ಒಂದು ತಟ್ಟೆ ಜಾಸ್ತಿ ಅಷ್ಟೇ. ದುಡ್ಡೂ ರೈಲು ಟಿಕೆಟ್‌ನಷ್ಟೇ.

ಇದಕ್ಕೆ ಜರ್ಮನಿಯಲ್ಲಿ ಬಹಳ ಒಳ್ಳೆಯ ವ್ಯವಸ್ಥೆ ಇದೆ, ನಮ್ಮವರಲ್ಲಿ ತುಂಬಾ ಜನರಿಗೆ ಗೊತ್ತಿಲ್ಲ. 1963ರಲ್ಲಿ ಜರ್ಮನಿ ಮತ್ತು ಫ್ರಾನ್ಸ್ ಎಲಿಸೇ ಅನ್ನುವ ಸ್ನೇಹ ಒಪ್ಪಂದ ಮಾಡಿಕೊಂಡವು. ಅದೇ ವರ್ಷ ಎರಡೂ ದೇಶದ ಮಕ್ಕಳು ಒಬ್ಬರನ್ನೊಬ್ಬರು ನೋಡಲಿ ಅಂತ ಜರ್ಮನ್-ಫ್ರೆಂಚ್ ಯುವಜನ ಕಚೇರಿ ಶುರುವಾಯಿತು. ಇಲ್ಲಿ ಎಲ್ಲರೂ ಡೇ-ಎಫ್-ಯೋಟ್-ವೇ ಅಂತ ಕರೆಯುತ್ತಾರೆ. ಅವರ ಬ್ರಿಜಿತ್ ಸೋಜೇ ಯೋಜನೆ 8ರಿಂದ 11ನೇ ತರಗತಿಯವರಿಗೆ. ಸುಮಾರು ಮೂರು ತಿಂಗಳು ಜೊತೆಗಾತಿಯ ಮನೆಯಲ್ಲಿದ್ದು, ಅದರಲ್ಲಿ ಕನಿಷ್ಠ ಆರು ವಾರ ಅಲ್ಲಿನ ಶಾಲೆಗೆ ಹೋಗಬೇಕು. ಪ್ರಯಾಣದ ಖರ್ಚಿಗೆ ಸ್ವಲ್ಪ ನೆರವೂ ಕೇಳಬಹುದು. ವೋಲ್ತೇರ್ ಅಂತ ಇನ್ನೊಂದಿದೆ, ಆರು ತಿಂಗಳು ಅಲ್ಲಿ, ಆರು ತಿಂಗಳು ಇಲ್ಲಿ. ಶಾಲೆಯವರು ಒಪ್ಪಬೇಕು, ಹಾಗಾಗಿ ಫ್ರೆಂಚ್ ಟೀಚರ್ ಹತ್ತಿರ ಈಗಲೇ ಮಾತಾಡಿ. ಎಷ್ಟೋ ಶಾಲೆಗಳಿಗೆ ಫ್ರಾನ್ಸ್‌ನಲ್ಲಿ ಜೋಡಿ ಶಾಲೆ ಇರುತ್ತದೆ. ಇಲ್ಲದಿದ್ದರೆ ಕಚೇರಿಯ ವೆಬ್‌ಸೈಟಿನಲ್ಲಿ ಜೊತೆಗಾರರನ್ನು ಹುಡುಕುವ ಸಣ್ಣ ಜಾಹೀರಾತುಗಳಿವೆ, ಮಗಳೂ ಒಂದು ಹಾಕಬಹುದು.

ಮೂರು ತಿಂಗಳು ಜಾಸ್ತಿ ಆಯಿತು ಅನ್ನಿಸಿದರೆ ಯಾವ ಯೋಜನೆಯೂ ಇಲ್ಲದೆ, ಎರಡು ಮನೆಯವರು ಮಾತಾಡಿಕೊಂಡು ಮೂರು ಮೂರು ವಾರ ಮಾಡಿ. ಇದರಲ್ಲಿ ನಿಮಗೊಂದು ಅನುಕೂಲ ಇದೆ. ಫ್ರಾನ್ಸ್‌ನಲ್ಲಿ ರಜೆ ಜುಲೈ ಮೊದಲಲ್ಲೇ ಶುರುವಾಗುತ್ತದೆ, ಸೆಪ್ಟೆಂಬರ್ ಹುಟ್ಟುವಷ್ಟರಲ್ಲಿ ಶಾಲೆ ತೆರೆಯುತ್ತದೆ. ನಿಮ್ಮ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದಲ್ಲಿ ರಜೆ ಜುಲೈ ಕೊನೆಗೆ ಶುರು, ಸೆಪ್ಟೆಂಬರ್ ಎರಡನೇ ವಾರದ ತನಕ. ಹಾಗಾಗಿ ಫ್ರಾನ್ಸ್‌ನ ಹುಡುಗಿ ಜುಲೈನಲ್ಲಿ ಬಂದು ನಿಮ್ಮ ಮಗಳ ಜೊತೆ ಇಲ್ಲಿನ ಶಾಲೆಯಲ್ಲಿ ಕೂರಬಹುದು. ನಿಮ್ಮ ಮಗಳು ಆಗಸ್ಟ್ ನಡುವೆ ಅಲ್ಲಿಗೆ ಹೋದರೆ ಎರಡು ವಾರ ಮನೆ, ತೋಟ, ನೆಂಟರು, ಆಮೇಲೆ ಒಂದು ವಾರ ಅಲ್ಲಿನ ಶಾಲೆ. ಒಂದು ದಿನದ ಪಾಠವನ್ನೂ ಕಳೆದುಕೊಳ್ಳಬೇಕಿಲ್ಲ.

ಯಾವ ಊರು? ಗಡಿಯಾಚೆಯ ಸ್ಟ್ರಾಸ್‌ಬುರ್ಗ್ ಬಹಳ ಹತ್ತಿರ. ಜರ್ಮನಿಯ ಸ್ಥಳೀಯ ರೈಲು ಬಸ್ಸಿಗೆಲ್ಲ ನಡೆಯುವ ತಿಂಗಳ ಡಾಯ್ಚ್‌ಲಾಂಡ್ ಟಿಕೆಟ್ ಇದ್ದರೆ ಗಡಿಯ ಕೇಲ್ ಊರಿನ ತನಕ ಹೋಗಿ, ಅಲ್ಲಿ ಬೇರೆ ಟಿಕೆಟ್ ತೆಗೆದು ಟ್ರಾಮ್ ಹತ್ತಿ ರೈನ್ ನದಿ ದಾಟಬಹುದು, ಆ ಟ್ರಾಮ್ 2017ರಲ್ಲಿ ಶುರುವಾಯಿತು. ಒಂದು ದಿನದ ಸುತ್ತಾಟಕ್ಕೆ ಅದ್ಭುತ. ಭಾಷೆ ಕಲಿಯಲು ಮಾತ್ರ ಬೇಡ ಅನ್ನುತ್ತೇನೆ. ಮಗಳು ಬೇಕರಿಯಲ್ಲಿ ಒಂದು ಕ್ಷಣ ತಡವರಿಸಿದರೂ ಅಂಗಡಿಯವರು ಜರ್ಮನ್‌ಗೆ ತಿರುಗುತ್ತಾರೆ, ಮರ್ಯಾದೆಗಾಗಿಯೇ. ಇನ್ನೊಂದೆರಡು ಗಂಟೆ ಮುಂದಕ್ಕೆ ಹೋಗಿ. ಫ್ರಾಂಕ್‌ಫುರ್ಟ್‌ನಿಂದ ಮಾರ್ಸೇಗೆ ಹೋಗುವ ಟಿಜಿವಿ, ಅಂದರೆ ಫ್ರಾನ್ಸ್‌ನ ವೇಗದ ರೈಲು, ಕಾರ್ಲ್ಸ್‌ರೂಹೆ, ಸ್ಟ್ರಾಸ್‌ಬುರ್ಗ್ ಮೇಲೆ ಬಂದು ಬೆಸಾನ್ಸೋಂ, ಲಿಯೋಂ ಕಡೆ ಹೋಗುತ್ತದೆ. ಬೆಸಾನ್ಸೋಂನ ಟಿಜಿವಿ ನಿಲ್ದಾಣ ಊರಾಚೆ ಇದೆ, ಅಲ್ಲಿಂದ ಸಣ್ಣ ರೈಲು ಹಿಡಿದು ಊರೊಳಗಿನ ವಿಯೋತ್ ನಿಲ್ದಾಣಕ್ಕೆ ಬರಬೇಕು, ಇದನ್ನು ಮಗಳಿಗೆ ಮೊದಲೇ ಹೇಳಿಡಿ. ಊರನ್ನು ದೂ ನದಿ ಕುದುರೆ ಲಾಳದ ಹಾಗೆ ಸುತ್ತಿಕೊಂಡಿದೆ. ದೊಡ್ಡ ಊರಲ್ಲ, ನಡೆದೇ ಮುಗಿಸಬಹುದು.

ಮನೆ ಸಿಗಲಿಲ್ಲ ಅಂದರೆ ಟಾಂಡೆಮ್ ಶಿಬಿರ ಹುಡುಕಿ. ಅರ್ಧ ಜನ ಜರ್ಮನಿಯವರು, ಅರ್ಧ ಫ್ರಾನ್ಸ್‌ನವರು. ಇಬ್ಬಿಬ್ಬರ ಜೋಡಿ ಮಾಡಿ ಕೂರಿಸುತ್ತಾರೆ, ನೀನು ನನಗೆ ಕಲಿಸು, ನಾನು ನಿನಗೆ ಕಲಿಸುತ್ತೇನೆ ಅನ್ನುವ ಲೆಕ್ಕ. ಇವಕ್ಕೂ ಅದೇ ಕಚೇರಿ ನೆರವು ಕೊಡುತ್ತದೆ. ಇಂಥವು ಎಷ್ಟೋ ಸಲ ಯುವ ಹಾಸ್ಟೆಲ್‌ಗಳಲ್ಲಿ ನಡೆಯುತ್ತವೆ, ಬಂಕ್ ಮಂಚ, ತಟ್ಟೆ ತೊಳೆಯುವ ಸರದಿ, ಎಲ್ಲ ಸರಳ. ಮತ್ತೊಂದು ದಾರಿ ಶ್ರಮದಾನದ ಶಿಬಿರ, ಫ್ರೆಂಚ್‌ನಲ್ಲಿ ಅದಕ್ಕೆ ಶಾಂತಿಯೇ (chantier) ಅನ್ನುತ್ತಾರೆ. ಹಳೆಯ ಗೋಡೆ ಕಟ್ಟುವುದು, ಕಾಡಿನ ದಾರಿ ಸರಿಪಡಿಸುವುದು ಇಂಥ ಕೆಲಸ ಅರ್ಧ ದಿನ. 14ರಿಂದ 17 ವಯಸ್ಸಿನವರಿಗೆ ಬೇರೆಯೇ ಶಿಬಿರಗಳಿವೆ. ಕಲ್ಲು ಎತ್ತಿ ಕೊಡುವಾಗ ಬಾಯಿ ಬಿಡಲೇಬೇಕು, ಸುಮ್ನೆ ಕೂತರೆ ನಡೆಯುವುದಿಲ್ಲ.

ಊಟದ ವಿಷಯ ನೀವು ಒಂದೇ ಮಾತಲ್ಲಿ ಹೇಳಿದ್ದೀರಿ, ನಾನು ಸ್ವಲ್ಪ ಜಾಸ್ತಿ ಹೇಳಬೇಕು. ಸಸ್ಯಾಹಾರಿ ಅಂತ ಫಾರ್ಮಿನಲ್ಲಿ ಬರೆದರೆ ಸಾಲದು. ಕೆಲವು ಮನೆಗಳಲ್ಲಿ ಮೀನು ಸಸ್ಯಾಹಾರಕ್ಕೆ ಸೇರಿಬಿಡುತ್ತದೆ. ನಿ ವಿಯಾಂದ್, ನಿ ಪ್ವಾಸೋಂ, ಮಾಂಸವೂ ಇಲ್ಲ ಮೀನೂ ಇಲ್ಲ ಅಂತ ಸ್ಪಷ್ಟವಾಗಿ ಬರೆಯಿರಿ. ಇನ್ನೊಂದು ಪದ ಮಗಳಿಗೆ ಬಾಯಿಪಾಠ ಆಗಲಿ: ಲಾರ್ದೋಂ. ಹಂದಿ ಮಾಂಸದ ಸಣ್ಣ ಸಣ್ಣ ತುಂಡು. ಸೊಪ್ಪಿನ ಸಲಾಡ್ ಮೇಲೆ ಉದುರಿಸುತ್ತಾರೆ, ಕೀಶ್ ಅನ್ನುವ ಮೊಟ್ಟೆಯ ತಿನಿಸಿನ ಒಳಗೆ ಹಾಕುತ್ತಾರೆ, ಕೆಲವರಿಗೆ ಅದು ಮಾಂಸ ಅಂತ ನೆನಪೇ ಆಗುವುದಿಲ್ಲ. ಹಾಗಂತ ಹೆದರಬೇಡಿ. ಫ್ರಾನ್ಸ್‌ನ ಶಾಲೆ ಕ್ಯಾಂಟೀನ್‌ಗಳಲ್ಲಿ 2019ರ ನವೆಂಬರ್‌ನಿಂದ ವಾರಕ್ಕೊಂದು ಊಟವಾದರೂ ಸಸ್ಯಾಹಾರ ಇರಬೇಕು ಅಂತ ಕಾನೂನೇ ಇದೆ. ಮತ್ತು ಮನೆಯವರಿಗೆ ಹೊರೆ ಆಗುತ್ತಾಳೇನೋ ಅಂತ ನೀವು ಸಂಕೋಚ ಪಡುತ್ತಿದ್ದರೆ, ಮಗಳ ಚೀಲಕ್ಕೆ ಒಂದು ಡಬ್ಬಿ ಸಾಂಬಾರ್ ಪುಡಿ ಹಾಕಿ, ಒಂದು ರಾತ್ರಿ ಅವಳೇ ಅಡುಗೆ ಮಾಡಲಿ. ಒಲೆ ಮುಂದೆ ನಿಂತು ಅದು ಕೊಡಿ, ಇದು ಎಲ್ಲಿದೆ ಅಂತ ಕೇಳುವುದೇ ಒಂದು ದೊಡ್ಡ ಪಾಠ.

ಕಾಗದಪತ್ರ ಬೇಗ ಮುಗಿಸುತ್ತೇನೆ. ಭಾರತದ ಪಾಸ್‌ಪೋರ್ಟ್ ಜೊತೆ ಇಲ್ಲಿನ ರೆಸಿಡೆನ್ಸ್ ಪರ್ಮಿಟ್ ಕಾರ್ಡ್ ಇದ್ದರೆ ಫ್ರಾನ್ಸ್‌ಗೆ ಬೇರೆ ವೀಸಾ ಬೇಡ, 180 ದಿನದಲ್ಲಿ 90 ದಿನ ಇರಬಹುದು. ಬ್ರಿಜಿತ್ ಸೋಜೇ ಯೋಜನೆ ಆ ಮಿತಿಯೊಳಗೆ ಕೂರುತ್ತದೆ, ಆದರೆ ಅದಕ್ಕೆ ಮುಂಚೆ ಈಸ್ಟರ್‌ಗೆ ಇಟಲಿ ಸುತ್ತಿದ ದಿನಗಳೂ ಎಣಿಕೆಗೆ ಬರುತ್ತವೆ, ಮರೆಯಬೇಡಿ. ಇಂಗ್ಲೆಂಡ್ ಅಥವಾ ಐರ್ಲೆಂಡ್ ಆದರೆ ವೀಸಾ ಬೇಕೇ ಬೇಕು. ಅಪ್ಪ ಅಮ್ಮ ಇಬ್ಬರೂ ಸಹಿ ಮಾಡಿದ ಒಪ್ಪಿಗೆ ಪತ್ರ ಜೊತೆಗಿರಲಿ. ಸರ್ಕಾರಿ ಆರೋಗ್ಯ ವಿಮೆ ಇದ್ದರೆ ಆ ಕಾರ್ಡಿನ ಹಿಂಬದಿಯೇ ಯುರೋಪಿನ ವಿಮೆ ಕಾರ್ಡ್.

ಪ್ರವಾಸ ಸಂಸ್ಥೆಗಳ ಕರಪತ್ರಗಳಲ್ಲಿ ಹಸಿರು ಎಲೆಯ ಗುರುತು ಕಾಣುತ್ತದಲ್ಲ, ಅದನ್ನು ನೋಡಿ ಮರುಳಾಗಬೇಡಿ. ನಿಮ್ಮ ಹೆಸರಲ್ಲಿ ಗಿಡ ನೆಟ್ಟಿದ್ದೇವೆ, ಆದ್ದರಿಂದ ವಿಮಾನದ ಹೊಗೆ ಲೆಕ್ಕಕ್ಕಿಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಹೊಗೆ ಇವತ್ತೇ ಹೋಗಿಯಾಯಿತು, ಗಿಡ ಬದುಕಿದರೆ ಬೆಳೆಯಲು ಎಷ್ಟೋ ವರ್ಷ ಬೇಕು. ಯುರೋಪಿಯನ್ ಒಕ್ಕೂಟವೂ 2024ರಲ್ಲಿ ಇಂಥ ಜಾಹೀರಾತಿಗೆ ತಡೆ ಹಾಕುವ ನಿಯಮ ತಂದಿದೆ, ಅದು ಅನ್ವಯವಾಗುವ ದಿನ 2026ರ ಸೆಪ್ಟೆಂಬರ್ 27. ಸಂಸ್ಥೆಯವರಿಗೆ ನೇರವಾಗಿ ಕೇಳಿ: ಮಕ್ಕಳು ರೈಲಿನಲ್ಲಿ ಬಂದರೆ ನಿಲ್ದಾಣಕ್ಕೆ ಯಾರಾದರೂ ಬರುತ್ತಾರೋ? ಒಂದು ಮನೆಯಲ್ಲಿ ಒಂದೇ ಭಾಷೆಯ ಇಬ್ಬರನ್ನು ಇಡುತ್ತೀರೋ? ಮೊದಲ ಪ್ರಶ್ನೆಗೆ ವಿಮಾನ ನಿಲ್ದಾಣದಿಂದ ಮಾತ್ರ ಅಂದರೆ, ಅಥವಾ ಎರಡನೆಯದಕ್ಕೆ ಹೌದು ಅಂದರೆ ಬೇರೆ ಕಡೆ ನೋಡಿ.

ಈಗ ನಿಮ್ಮ ಕೊನೆಯ ಪ್ರಶ್ನೆ. ಅದನ್ನು ಓದಿ ನನಗೂ ಸ್ವಲ್ಪ ಹೊತ್ತು ಸುಮ್ಮನಾಗುವ ಹಾಗಾಯಿತು, ಯಾಕೆಂದರೆ ನಾವೆಲ್ಲರೂ ಇದೇ ದೋಣಿಯಲ್ಲಿದ್ದೇವೆ. ಫ್ರಾಂಕ್‌ಫುರ್ಟ್‌ನಿಂದ ಬೆಂಗಳೂರಿಗೆ 7,400 ಕಿಲೋಮೀಟರ್ ಹತ್ತಿರ. ಹೋಗಿ ಬಂದರೆ ಒಬ್ಬರಿಗೆ, ಹೊಗೆಯ ಎಲ್ಲ ಪರಿಣಾಮ ಸೇರಿಸಿದರೆ, 2 ಟನ್ ದಾಟುತ್ತದೆ. ಮಾಲ್ಟಾದ ನಾಲ್ಕು ಪ್ರವಾಸಕ್ಕಿಂತ ಜಾಸ್ತಿ. ಇದನ್ನು ಮುಚ್ಚಿಡುವುದು ಬೇಡ. ಆದರೆ ಊರಿಗೆ ಹೋಗಬೇಡಿ ಅಂತ ನಾನು ಹೇಳಲಾರೆ. ಅಜ್ಜಿಯನ್ನು ನೋಡುವುದಕ್ಕೆ ರೈಲು ಇಲ್ಲ, ಮಾಲ್ಟಾದ ಬದಲು ಬೆಸಾನ್ಸೋಂ ಇದೆ. ಬದಲಿ ಇರುವ ಕಡೆ ಬಿಡಬಹುದು, ಇಲ್ಲದ ಕಡೆ ಇರುವುದನ್ನು ಪೂರ್ತಿ ಉಪಯೋಗಿಸಬಹುದು.

ಪೂರ್ತಿ ಅಂದರೆ ಹೇಗೆ? ಊರಿನ ಪ್ರವಾಸವನ್ನೂ ಭಾಷೆಯ ಪ್ರವಾಸ ಅಂತಲೇ ನೋಡಿ. ನಿಮ್ಮ ಮಗಳ ಕನ್ನಡ ಹೇಗಿದೆ ಅಂತ ನೀವು ಬರೆದಿಲ್ಲ. ಇಲ್ಲಿ ಬೆಳೆದ ಬಹಳ ಮಕ್ಕಳ ಹಾಗೆ ಅವಳಿಗೂ ಎಲ್ಲ ಅರ್ಥವಾಗಿ, ಉತ್ತರ ಮಾತ್ರ ಜರ್ಮನ್‌ನಲ್ಲಿ ಬರುತ್ತಿರಬಹುದು. ಎರಡು ವಾರಕ್ಕೆ ಹೋಗಿ, ಅದರಲ್ಲಿ ಐದು ದಿನ ಬೆಂಗಳೂರಿನ ಮಾಲ್ ಸುತ್ತಿ, ಮೂರು ದಿನ ಮದುವೆ ಮನೆಯಲ್ಲಿ ಇಂಗ್ಲಿಷ್ ಮಾತಾಡಿ ಬಂದರೆ ಆ 2 ಟನ್ ಹೊಗೆಗೆ ಏನೂ ಸಿಗಲಿಲ್ಲ. ಅದರ ಬದಲು ಎರಡು ವರ್ಷಕ್ಕೊಮ್ಮೆ ಅನ್ನುವುದನ್ನು ಮೂರಕ್ಕೊಮ್ಮೆ ಮಾಡಿ, ಹೋದಾಗ ಬೇಸಿಗೆ ರಜೆಯ ಆರು ವಾರವೂ ಮಗಳನ್ನು ಅಲ್ಲೇ ಬಿಡಿ. ನಿಮಗೆ ಅಷ್ಟು ರಜೆ ಇರುವುದಿಲ್ಲ, ಗೊತ್ತು. ನೀವು ಬೇಗ ವಾಪಸ್ ಬನ್ನಿ, ಅವಳು ಅಜ್ಜಿ ಮನೆಯಲ್ಲಿ ಇರಲಿ. ಆಗಸ್ಟ್ ಅಂದರೆ ಮಳೆಗಾಲ, ಆಚೆ ಹೋಗುವ ಹಾಗಿಲ್ಲ, ಜಗಲಿಯಲ್ಲಿ ಕೂತು ಮಾತಾಡುವುದೇ ಕೆಲಸ. ನಾಗರ ಪಂಚಮಿ ಹೆಚ್ಚಾಗಿ ಆಗಲೇ ಬರುತ್ತದೆ, ಕೆಲವು ವರ್ಷ ಚೌತಿಯೂ ಸಿಗುತ್ತದೆ. ಕಂಬಳಿಕೊಪ್ಪೆ, ಅಪ್ಪೆಹುಳಿ, ಅಡಕೆ ಕೊನೆ, ಇಂಥ ಮಾತು ಯಾವ ಆನ್‌ಲೈನ್ ತರಗತಿಯಲ್ಲಿ ಸಿಗುತ್ತದೆ ಹೇಳಿ?

ಅಲ್ಲಿಂದ ಅವಳು ಫ್ರಾನ್ಸ್‌ಗೂ ಒಂದು ಮಾತು ಕೊಂಡೊಯ್ಯಬಹುದು. ಮಳೆಗಾಲದಲ್ಲಿ ಅಡಕೆಗೆ ಕೊಳೆ ರೋಗ ಬಾರದಿರಲಿ ಅಂತ ಹೊಡೆಸುತ್ತಾರಲ್ಲ, ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣ, ಆ ಹೆಸರು ಫ್ರಾನ್ಸ್‌ನ ಬೋರ್ಡೋ ಊರಿನದೇ. ಅಲ್ಲಿ 1880ರ ದಶಕದಲ್ಲಿ ದ್ರಾಕ್ಷಿ ಬಳ್ಳಿಯ ರೋಗಕ್ಕೆ ಕಂಡುಹಿಡಿದ ಮದ್ದು ಅದು. ಅಜ್ಜನ ತೋಟದಲ್ಲಿ ಕೊನೆಗಾರ ಮರ ಹತ್ತಿ ಅದನ್ನು ಹೊಡೆಯುವುದನ್ನು ಫ್ರಾನ್ಸ್‌ನ ಒಂದು ಹಳ್ಳಿ ಮನೆಯಲ್ಲಿ ಮುರುಕು ಫ್ರೆಂಚ್‌ನಲ್ಲಿ ಹೇಳಿ ನೋಡಲಿ. ಅವರು ಊಟ ನಿಲ್ಲಿಸಿ ಕೇಳುತ್ತಾರೆ.

ಮುಂದಿನ ಬೇಸಿಗೆಗೆ ಹೋಗಬೇಕಾದರೆ ಈ ಶರತ್ಕಾಲದಲ್ಲೇ ಶುರು ಮಾಡಿ. ದೂರದ ರೈಲಿನ ಅಗ್ಗದ ಟಿಕೆಟ್ ಕೆಲವು ತಿಂಗಳ ಮುಂಚೆ ಬಿಡುತ್ತಾರೆ, 27ರ ಒಳಗಿನವರಿಗೆ ಬೇರೆ ರಿಯಾಯಿತಿಯೂ ಇದೆ. ಹೋಗುವ ಸಲ ನೀವೂ ಜೊತೆಗೆ ಹೋಗಿ ಆ ಮನೆಯವರ ಜೊತೆ ಒಂದು ಕಾಫಿ ಕುಡಿದು ಬನ್ನಿ, ಬರುವಾಗ ಅವಳೊಬ್ಬಳೇ ಬರಲಿ. ಜೊತೆಗಾತಿಗೆ ಮೊದಲ ಪತ್ರವನ್ನು ಮಗಳೇ ಬರೆಯಲಿ, ಫೋನಿನ ಅನುವಾದಕ ಬೇಡ. ತಪ್ಪುಗಳಿದ್ದರೆ ಇರಲಿ, ನೀವು ತಿದ್ದಲು ಹೋಗಬೇಡಿ.